ಸಿಪ್ರೊ, ಲಿವೊ, ನಾರ್‌ಫ್ಲಾಕ್ಸ್ ಕೊಡುವ ಮೊದಲು ಕೌಂಟರಿನಲ್ಲಿ ಏನು ಕೇಳಬೇಕು?

ಕದ್ರಿ_ಕೌಂಟರ್

ಮಳೆ ಹಿಡಿಯಿತೆಂದರೆ ಮಂಗಳೂರಿನ ಮೆಡಿಕಲ್‌ಗಳಿಗೆ ಬರುವ ಚೀಟಿಗಳಲ್ಲಿ ಮೂರು ಜೋಡಿ ಪದೇ ಪದೇ ಕಾಣುತ್ತವೆ. ಭೇದಿಗೆ ಓಫ್ಲಾಕ್ಸಾಸಿನ್-ಓರ್ನಿಡಜೋಲ್. ಉರಿಮೂತ್ರಕ್ಕೆ ನಾರ್‌ಫ್ಲಾಕ್ಸಾಸಿನ್ 400, ಜೊತೆಗೆ ಉರಿ ತಗ್ಗಿಸುವ ಸಿಟ್ರೇಟ್ ಸಿರಪ್. ಕೆಮ್ಮು-ದಮ್ಮಿಗೆ ಲಿವೊಫ್ಲಾಕ್ಸಾಸಿನ್ 500, ಜೊತೆಗೆ ಡಿಫ್ಲಜಾಕಾರ್ಟ್ ಎಂಬ ಸ್ಟೀರಾಯ್ಡ್. ಮೂರರಲ್ಲೂ ಇರುವುದು ಒಂದೇ ಮನೆತನದ ಆಂಟಿಬಯೋಟಿಕ್, ಫ್ಲೋರೋಕ್ವಿನೋಲೋನ್ (ಚಿಕ್ಕದಾಗಿ ಕ್ವಿನೋಲೋನ್). ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ), ಮಾಕ್ಸಿಫ್ಲಾಕ್ಸಾಸಿನ್ (ಮಾಕ್ಸಿ) ಕೂಡ ಇದೇ ಮನೆತನ. ಇವಲ್ಲದೆ ಚೀಟಿಯೇ ಇಲ್ಲದೆ ಖಾಲಿ ಸ್ಟ್ರಿಪ್ ತೋರಿಸಿ "ಹೋದ ಸಲದ್ದೇ ಕೊಡಿ" ಅನ್ನುವವರೂ ಇದ್ದಾರೆ.

ಕಾನೂನು ಸ್ಪಷ್ಟ ಉಂಟು. ಸಿಪ್ರೊ, ಓಫ್ಲಾಕ್ಸ್, ನಾರ್‌ಫ್ಲಾಕ್ಸ್ ಶೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿಗೆ ಮಾತ್ರ ಕೊಡುವ ಔಷಧಿಗಳ ಪಟ್ಟಿ. ಲಿವೊ ಮತ್ತು ಮಾಕ್ಸಿ 2014ರ ಮಾರ್ಚ್‌ನಿಂದ ಎಚ್1: ಡಾಕ್ಟರ ಹೆಸರು, ರೋಗಿಯ ಹೆಸರು, ಮಾತ್ರೆ, ಎಷ್ಟು ಕೊಟ್ಟದ್ದು, ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿ ಇಲ್ಲದೆ ಯಾವುದನ್ನೂ ಕೊಡುವ ಹಾಗಿಲ್ಲ.

ಆದರೆ ಚೀಟಿ ಇದ್ದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಕೇಳಬೇಕಾದ್ದನ್ನು ಪಟ್ಟಿ ಮಾಡಿದ್ದೇನೆ: ವಯಸ್ಸು 60 ದಾಟಿದೆಯೇ, ಸ್ಟೀರಾಯ್ಡ್ ನಡೆಯುತ್ತಿದೆಯೇ, ಶುಗರಿಗೆ ಯಾವ ಮಾತ್ರೆ, ಕಿಡ್ನಿ ತೊಂದರೆ ಉಂಟೇ, ಗರ್ಭಿಣಿಯೇ, ಫಿಟ್ಸ್ ಇತ್ತೇ, ಹಿಂದೆ ಇಂಥದೇ ಮಾತ್ರೆಯಿಂದ ಹಿಮ್ಮಡಿ ನೋವು ಬಂದಿತ್ತೇ. ಏನು ಬಿಟ್ಟುಹೋಗಿದೆ? ಹಿಂದೆ ಸಾಲು ನಿಂತಿರುತ್ತದೆ, ಒಂದೇ ನಿಮಿಷದಲ್ಲಿ ಕೇಳಿ ಮುಗಿಯಬೇಕು.

ಮಣ್ಣಪಳ್ಳ_ಮೆಡಿಸಿನ್

ಪಟ್ಟಿ ಚೆನ್ನಾಗಿದೆ, ಆದರೆ ಅದು ಶುರುವಾಗುವುದು ಎರಡನೇ ಪ್ರಶ್ನೆಯಿಂದ. ಮೊದಲನೆಯದು ಚೀಟಿ ಬರೆಯುವವರಿಗೆ: ಈ ಕಾಯಿಲೆಗೆ ಈ ಮಾತ್ರೆ ಬೇಕೇ?

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಮೇಲೆ ಒಂದೊಂದಾಗಿ ಎಚ್ಚರಿಕೆ ಸೇರಿಸುತ್ತಾ ಬಂತು. 2008ರಲ್ಲಿ ಸ್ನಾಯುರಜ್ಜು ಹರಿಯುವುದು, 2011ರಲ್ಲಿ ಮಯಸ್ಥೇನಿಯಾ (ಸ್ನಾಯುಗಳ ಬಲ ಕುಂದಿಸುವ ಕಾಯಿಲೆ) ಉಲ್ಬಣಿಸುವುದು, 2013ರಲ್ಲಿ ನರಗಳ ಹಾನಿ, 2018ರಲ್ಲಿ ಶುಗರ್ ಕುಸಿತ, ಮನಸ್ಸಿನ ಮೇಲಿನ ಪರಿಣಾಮ, ಮಹಾಪಧಮನಿ ಸೀಳುವುದು. ನಡುವೆ 2016ರಲ್ಲಿ ನೇರವಾಗಿಯೇ ಹೇಳಿತು: ಸಾಮಾನ್ಯ ಸೈನಸ್ ಸೋಂಕು, ಬ್ರಾಂಕೈಟಿಸ್, ತೊಡಕಿಲ್ಲದ ಉರಿಮೂತ್ರಕ್ಕೆ ಬೇರೆ ಔಷಧಿ ಇರುವಾಗ ಇದನ್ನು ಕೊಡಬೇಡಿ, ಲಾಭಕ್ಕಿಂತ ಅಪಾಯ ಹೆಚ್ಚು. ಬ್ರಿಟನ್ನಿನ ಔಷಧಿ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ 2024ರ ಜನವರಿಯಲ್ಲಿ ಇನ್ನೂ ಬಿಗಿ ಮಾಡಿತು. ಸಾಮಾನ್ಯವಾಗಿ ಕೊಡುವ ಬೇರೆ ಆಂಟಿಬಯೋಟಿಕ್ ಯಾವುದೂ ಹೊಂದದಿದ್ದರೆ ಮಾತ್ರ ಕ್ವಿನೋಲೋನ್.

ಹಾಗೆಂದು ಇದು ಕೆಟ್ಟ ಔಷಧಿ ಅಲ್ಲ. ಸ್ಯೂಡೋಮೊನಾಸ್ ಸೋಂಕಿಗೆ ಬಾಯಲ್ಲಿ ಕೊಡಬಹುದಾದ ಔಷಧಿ ಎಂದರೆ ಹೆಚ್ಚುಕಡಿಮೆ ಇದೊಂದೇ. ಪ್ರಾಸ್ಟೇಟ್ ಒಳಗೆ ಇಳಿಯುವಷ್ಟು ಚೆನ್ನಾಗಿ ಇಳಿಯುವ ಮಾತ್ರೆಗಳು ಬಹಳ ಕಡಿಮೆ. ಔಷಧಿಗೆ ಬಗ್ಗದ ಟಿಬಿಗೆ ಲಿವೊ, ಮಾಕ್ಸಿ ಎರಡೂ ಆಧಾರಸ್ತಂಭ. ಭೇದಿಗೂ ಕೆಮ್ಮಿಗೂ ಸವೆಸಿದರೆ ಇಂಥ ಕಡೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎನ್ನುವುದೇ ನನ್ನ ಚಿಂತೆ.

ಪ್ಲೇಟ್_ಡಿಸ್ಕ್

ಲ್ಯಾಬ್ ಕಡೆಯಿಂದ ಒಂದು ಮಾತು. ನಮ್ಮ ದೇಶದಲ್ಲಿ ಉರಿಮೂತ್ರ ತರುವ ಈ.ಕೋಲೈ ರೋಗಾಣು ಬಹುಪಾಲು ಕ್ವಿನೋಲೋನಿಗೆ ಬಗ್ಗುವುದಿಲ್ಲ. ಅಂದಾಜಿನ ಮೇಲೆ ನಾರ್‌ಫ್ಲಾಕ್ಸ್ ಬರೆದರೆ ತಗಲಿದರೆ ತಗಲಿತು ಅಷ್ಟೆ. ಟೈಫಾಯ್ಡಿನದ್ದೂ ಅದೇ ಕಥೆ. "ಟೈಫಾಯ್ಡಿಗೆ ಸಿಪ್ರೊ" ಎನ್ನುವುದು 90ರ ದಶಕದ ಪಾಠ. ಈಗ ಸೆಫ್ಟ್ರಿಯಾಕ್ಸೋನ್ ಅಥವಾ ಅಜಿಥ್ರೊಮೈಸಿನ್. ಒಂದೇ ಒಂದು ವೈಡಾಲ್ ರಕ್ತಪರೀಕ್ಷೆ ನೋಡಿ ಟೈಫಾಯ್ಡ್ ಎನ್ನುವುದೂ ಸರಿಯಲ್ಲ, ಮೊದಲ ಡೋಸಿಗೆ ಮುಂಚೆ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಬೇಕು.

ರಿಪೋರ್ಟ್ ಓದುವಾಗ ಇನ್ನೊಂದು ಎಚ್ಚರ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಪ್ರೊ ಮಾಪನದ ಗಡಿಯನ್ನು (ಇಷ್ಟು ಔಷಧಿಗೆ ರೋಗಾಣು ಬಗ್ಗಿದರೆ ಮಾತ್ರ "ಸೆನ್ಸಿಟಿವ್" ಎನ್ನುವ ಮಟ್ಟ) ಲ್ಯಾಬ್ ಮಾನದಂಡ ಹೊರಡಿಸುವ ಸಿಎಲ್‌ಎಸ್‌ಐ 2019ರಲ್ಲಿ ಮಿಲಿಲೀಟರಿಗೆ 1 ಮೈಕ್ರೋಗ್ರಾಮಿನಿಂದ 0.25ಕ್ಕೆ ಇಳಿಸಿದೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾಗೆ ಗಡಿ ಇನ್ನೂ ಕೆಳಗೆ, 0.06. ಹಳೆಯ ಗಡಿಯನ್ನೇ ಇಟ್ಟುಕೊಂಡ ಲ್ಯಾಬಿನ ಕಾಗದದಲ್ಲಿ "ಸೆನ್ಸಿಟಿವ್" ಎಂದಿದ್ದರೂ ಹೊಸ ಲೆಕ್ಕದಲ್ಲಿ ಅದು ಬಗ್ಗದ ರೋಗಾಣುವೇ ಆಗಿರಬಹುದು. ಮಾತ್ರೆ ತಿಂದೂ ಜ್ವರ ಇಳಿಯದಿದ್ದರೆ ಲ್ಯಾಬಿಗೆ ಫೋನ್ ಮಾಡಿ ಯಾವ ವರ್ಷದ ಗಡಿ ಬಳಸುತ್ತೀರಿ ಎಂದು ಕೇಳಿ.

ಕಾಪು_ಕ್ಲಿನಿಕ್

ಇದೆಲ್ಲ ದೊಡ್ಡ ಆಸ್ಪತ್ರೆಗೆ ಸರಿ ಮಾರ್ರೆ. ಹಳ್ಳಿಯ ಕ್ಲಿನಿಕ್ಕಿಗೆ ಉರಿಮೂತ್ರ ಎಂದು ಬಂದ ಹೆಂಗಸಿಗೆ ಕಲ್ಚರ್ ಬರುವ ತನಕ ಎರಡು ದಿನ ಕಾಯಿರಿ ಎಂದರೆ ಯಾರು ಕಾಯುತ್ತಾರೆ? ನೋವು ಅವತ್ತೇ ಇಳಿಯಬೇಕು. ಕಲ್ಚರಿಗೆ ದುಡ್ಡೂ ಆಗಬೇಕು.

ಮಣ್ಣಪಳ್ಳ_ಮೆಡಿಸಿನ್

ಕಾಯಿಸಬೇಕಾಗಿಲ್ಲ ಡಾಕ್ಟ್ರೇ. ಜ್ವರ ಇಲ್ಲ, ಚಳಿ-ನಡುಕ ಇಲ್ಲ, ಪಕ್ಕೆ ನೋವಿಲ್ಲ, ಗರ್ಭಿಣಿ ಅಲ್ಲ ಎಂದಾದರೆ ಅವತ್ತೇ ನೈಟ್ರೊಫ್ಯುರಾಂಟಾಯಿನ್ ಎಸ್‌ಆರ್ 100 ಮಿಲಿಗ್ರಾಂ, ದಿನಕ್ಕೆರಡು, ಊಟದ ಜೊತೆ, 5 ದಿನ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹೆದರಿ ನಿಲ್ಲಿಸುತ್ತಾರೆ. ಇಲ್ಲವೇ ಫಾಸ್ಫೊಮೈಸಿನ್ 3 ಗ್ರಾಂ ಪುಡಿ ಒಂದೇ ಸಲ, ಅರ್ಧ ಲೋಟ ನೀರಿನಲ್ಲಿ ಕದಡಿ, ರಾತ್ರಿ ಮೂತ್ರ ಮಾಡಿ ಬಂದು ಮಲಗುವ ಮೊದಲು.

ಕಿಡ್ನಿ ತುಂಬಾ ಕುಂದಿದವರಿಗೆ ನೈಟ್ರೊಫ್ಯುರಾಂಟಾಯಿನ್ ಆಗುವುದಿಲ್ಲ. ಜ್ವರ, ಪಕ್ಕೆ ನೋವು ಇದ್ದರೆ ಸೋಂಕು ಕಿಡ್ನಿಗೆ ಏರಿದೆ ಎಂದು ತಿಳಿಯಬೇಕು, ಆಗ ಈ ಎರಡೂ ಸಾಲದು. ಅಲ್ಲಿ ಕಲ್ಚರ್ ಬೇಕೇ ಬೇಕು. ರೋಗಾಣು ಬಗ್ಗುತ್ತದೆ ಎಂದು ರಿಪೋರ್ಟ್ ಬಂದರೆ ಸಿಪ್ರೊ 500 ದಿನಕ್ಕೆರಡು, 7 ದಿನ, ಒಳ್ಳೆಯ ಆಯ್ಕೆಯೇ. ಗಂಡಸರ ಉರಿಮೂತ್ರ ಬೇರೆ ವಿಷಯ, ಅದರ ಹಿಂದೆ ಪ್ರಾಸ್ಟೇಟ್ ಇರಬಹುದು.

ಪ್ಲೇಟ್_ಡಿಸ್ಕ್

ಸಿಟ್ರೇಟ್ ಸಿರಪ್ ವಿಷಯ ಯಾರೂ ಎತ್ತಲಿಲ್ಲ. ಅದು ಮೂತ್ರದ ಆಮ್ಲತೆ ಇಳಿಸುತ್ತದೆ. ನೈಟ್ರೊಫ್ಯುರಾಂಟಾಯಿನ್ ಆಮ್ಲ ಇರುವ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವುದು, ಹಾಗಾಗಿ ಜೊತೆಗೆ ಸಿರಪ್ ಕೊಟ್ಟರೆ ಮಾತ್ರೆಯ ಬಲ ನಾವೇ ಕುಗ್ಗಿಸಿದ ಹಾಗೆ. ಸಿಪ್ರೊ, ನಾರ್‌ಫ್ಲಾಕ್ಸ್ ಜೊತೆ ಕೊಟ್ಟರೆ ಬೇರೆ ತೊಂದರೆ: ಆಮ್ಲ ಕಡಿಮೆಯಾದ ಮೂತ್ರದಲ್ಲಿ ಅವು ಸರಿಯಾಗಿ ಕರಗದೆ ಹರಳುಗಟ್ಟಬಹುದು. ನೀರು ಕಡಿಮೆ ಕುಡಿಯುವ ವಯಸ್ಸಾದವರಲ್ಲಿ ವಿಶೇಷವಾಗಿ.

ಮೂತ್ರದ ಸ್ಯಾಂಪಲ್ ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಬಿಸಿಲಲ್ಲಿ ಬಸ್ಸಿನಲ್ಲಿ ಬಂದ ಬಾಟಲಿಯ ಕಲ್ಚರ್ ನಂಬುವ ಹಾಗಿಲ್ಲ.

ಫಲ್ಗುಣಿ_ತೀರ

ಭೇದಿ ಬಗ್ಗೆ. ಮಳೆಗಾಲದ ನೀರು ಭೇದಿಗೆ ಹೆಚ್ಚಿನ ಸಲ ವೈರಸ್ ಕಾರಣ, ಓಫ್ಲಾಕ್ಸ್-ಓರ್ನಿ ಅದಕ್ಕೆ ಏನೂ ಮಾಡುವುದಿಲ್ಲ. ಮಾತ್ರೆ ತಿಂದ ಮೂರನೇ ದಿನ ನಿಂತಿತು ಎನ್ನುತ್ತಾರೆ. ತಿನ್ನದಿದ್ದರೂ ಮೂರನೇ ದಿನ ನಿಲ್ಲುತ್ತಿತ್ತು. ಬೇಕಾದ್ದು ಓಆರ್‌ಎಸ್. 1 ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದೇ ಸಲ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಲೋಟಕ್ಕೆ ಚಮಚ ಚಮಚ ಹಾಕಿದರೆ ಉಪ್ಪಿನ ಪ್ರಮಾಣ ತಪ್ಪುತ್ತದೆ. ಬೊಂಡ (ಎಳನೀರು) ಕುಡಿದರೆ ಸಾಕು ಎನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ ಉಂಟು, ಆದರೆ ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೋಗುವುದು ಸೋಡಿಯಂ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಕುಡಿದರೆ ಬೊಂಡಕ್ಕಿಂತ ಮೇಲು.

ಮಲದಲ್ಲಿ ರಕ್ತ, ಜೊತೆಗೆ ಜ್ವರ ಇದ್ದರೆ ಆಂಟಿಬಯೋಟಿಕ್ ಬೇಕಾದೀತು. ಆಗಲೂ ಮೊದಲು ಅಜಿಥ್ರೊಮೈಸಿನ್, ಏಕೆಂದರೆ ಇಂಥ ಭೇದಿ ತರುವ ಶಿಗೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ರೋಗಾಣುಗಳೆರಡೂ ಕ್ವಿನೋಲೋನಿಗೆ ಬಗ್ಗುವುದು ಕಡಿಮೆ.

ಮಣ್ಣಪಳ್ಳ_ಮೆಡಿಸಿನ್

ಜ್ವರದ ಬಗ್ಗೆ ಬಿಡಿಸಿ ಹೇಳಬೇಕು. ಕರಾವಳಿಯ ಮಳೆಗಾಲದ ಜ್ವರಕ್ಕೆ ಲಿವೊ ಬರೆಯುವುದು ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ಅತ್ಯಂತ ದೊಡ್ಡ ತಪ್ಪು. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ, ಪೊದೆ-ಹುಲ್ಲಿನ ಸಂಪರ್ಕ ಇದ್ದವರಿಗೆ ಸ್ಕ್ರಬ್ ಟೈಫಸ್, ಮಂಗಳೂರಿನಲ್ಲಿ ಮಲೇರಿಯ, ಎಲ್ಲ ಕಡೆ ಡೆಂಗಿ. ಇಲಿಜ್ವರ, ಸ್ಕ್ರಬ್ ಎರಡರ ಸಂಶಯಕ್ಕೂ ಡಾಕ್ಸಿಸೈಕ್ಲಿನ್ 100 ದಿನಕ್ಕೆರಡು, 7 ದಿನ. ಕಣ್ಣು ಹಳದಿ, ಮೂತ್ರ ಕಡಿಮೆ, ಉಸಿರುಗಟ್ಟುವುದು ಕಂಡರೆ ಆಸ್ಪತ್ರೆಗೆ, ಇಂಜೆಕ್ಷನಿಗೆ. ಮಲೇರಿಯಕ್ಕೆ ರಕ್ತದ ಸ್ಮಿಯರ್ ಪರೀಕ್ಷೆ ಅವತ್ತೇ ಆಗಬೇಕು. ಡೆಂಗಿ ವೈರಸ್, ಅಲ್ಲಿ ಯಾವ ಆಂಟಿಬಯೋಟಿಕ್ಕೂ ಬೇಡ. ಲಿವೊ ಇವುಗಳಲ್ಲಿ ಒಂದಕ್ಕೂ ಮೊದಲ ಔಷಧಿ ಅಲ್ಲ. ಸಾಲದ್ದಕ್ಕೆ ಇಲಿಜ್ವರದಲ್ಲಿ ಕಿಡ್ನಿ ಕುಂದಿದರೆ ಲಿವೊ ದೇಹದಿಂದ ಹೊರಗೆ ಹೋಗದೆ ಒಳಗೇ ಸೇರುತ್ತಾ ಹೋಗುತ್ತದೆ.

ಇನ್ನೊಂದು ಮೆಲಿಯಾಯ್ಡೋಸಿಸ್. ಮಣ್ಣು-ನೀರಿನ ರೋಗಾಣು, ಉಡುಪಿ-ದಕ್ಷಿಣ ಕನ್ನಡದಲ್ಲಿ ಉಂಟು, ಮಳೆಗಾಲದಲ್ಲಿ ಹೆಚ್ಚು, ಹಿಡಿಯುವುದು ಬಹುಮಟ್ಟಿಗೆ ಶುಗರ್ ಇರುವವರನ್ನು. ಶ್ವಾಸಕೋಶದಲ್ಲಿ, ಗುಲ್ಮದಲ್ಲಿ, ಚರ್ಮದಲ್ಲಿ ಕೀವು ಗಟ್ಟುತ್ತದೆ. ಇದಕ್ಕೆ ಸೆಫ್ಟಜಿಡಿಮ್ ಅಥವಾ ಮೆರೊಪೆನಮ್ ಕನಿಷ್ಠ 10ರಿಂದ 14 ದಿನ, ಆಮೇಲೆ ಕೊಟ್ರೈಮಾಕ್ಸಜೋಲ್ ಕನಿಷ್ಠ 3 ತಿಂಗಳು. ಕ್ವಿನೋಲೋನನ್ನು ನಂಬಿದರೆ ಕಾಯಿಲೆ ಮರುಕಳಿಸುತ್ತದೆ.

ಟಿಬಿಯದ್ದು ಇನ್ನೂ ಗಂಭೀರ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಇಲ್ಲದೆ ಲಿವೊ ಕೊಟ್ಟರೆ ಟಿಬಿ ರೋಗಾಣು ಅರೆಜೀವವಾಗುತ್ತದೆ. ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಕಫದಲ್ಲಿ ರೋಗಾಣು ಸಿಗದೆ ಹೋಗಬಹುದು. ಕೆಲವು ವಾರದ ಮೇಲೆ ಮತ್ತೆ ಏಳುತ್ತದೆ, ಏಳುವಾಗ ಲಿವೊಗೆ ಬಗ್ಗದ ಟಿಬಿಯಾಗಿ ಏಳುವ ಸಾಧ್ಯತೆ ಉಂಟು. ಐಎನ್‌ಎಚ್ ಎಂಬ ಟಿಬಿ ಔಷಧಿಗೆ ಬಗ್ಗದ ಟಿಬಿಯ 6 ತಿಂಗಳ ಚಿಕಿತ್ಸೆ ನಿಂತಿರುವುದೇ ಲಿವೊ ಮೇಲೆ. ಮೊದಲು ಕಫ ಸಿಬಿನ್ಯಾಟಿಗೆ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ), ಮಾತ್ರೆ ಆಮೇಲೆ.

ಕಾಪು_ಕ್ಲಿನಿಕ್

ಒಪ್ಪಿದೆ. ಆದರೆ ಮಲ್ಪೆ ಬಂದರಿನಲ್ಲಿ ಮೀನಿನ ಮುಳ್ಳು ಚುಚ್ಚಿ ಕೈ ಊದಿಸಿಕೊಂಡು ಬರುವವರಿಗೆ ಲಿವೊ ಸರಿಯಲ್ಲವೇ? ಉಪ್ಪುನೀರಿನ ವಿಬ್ರಿಯೊ ರೋಗಾಣು ಇರುತ್ತದಲ್ಲ.

ಮಣ್ಣಪಳ್ಳ_ಮೆಡಿಸಿನ್

ಅಲ್ಲಿ ಅದಕ್ಕೆ ಜಾಗ ಉಂಟು. ಆದರೂ ಡಾಕ್ಸಿ ಜೊತೆ ಸೆಫ್ಟ್ರಿಯಾಕ್ಸೋನ್ ಅಥವಾ ಸೆಫ್ಟಜಿಡಿಮ್ ಮೊದಲು, ಅದು ಆಗದಿದ್ದರೆ ಕ್ವಿನೋಲೋನ್. ಲಿವರ್ ಹಾಳಾದವರಲ್ಲಿ, ಕುಡಿಯುವವರಲ್ಲಿ ಕೈಯ ಮೇಲೆ ನೇರಳೆ ಗುಳ್ಳೆ ಎದ್ದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆ. ಅದು ಸರ್ಜನ್ ನೋಡಬೇಕಾದ ಕೈ.

ಲೆಕ್ಕದ_ಗುಳಿಗೆ

ಕ್ಲಿನಿಕಲ್ ಫಾರ್ಮಸಿ ಕಡೆಯಿಂದ. ಡೋಸ್ ತಪ್ಪುವುದು ಹೆಚ್ಚಾಗಿ ವಯಸ್ಸಾದ ತೆಳ್ಳಗಿನ ಹೆಂಗಸರಲ್ಲಿ, ಏಕೆಂದರೆ ಲ್ಯಾಬ್ ಕಾಗದದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ದೊಡ್ಡದಾಗಿ ಕಾಣುವುದಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎನ್ನುವ ಲೆಕ್ಕ ಹೀಗೆ: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ, ಹೆಂಗಸಾದರೆ 0.85ರಿಂದ ಗುಣಿಸಿ.

72 ವರ್ಷ, 50 ಕೆಜಿ, ಕ್ರಿಯಾಟಿನಿನ್ 1.3 ಇರುವ ಅಜ್ಜಿ ಎಂದಿಟ್ಟುಕೊಳ್ಳಿ. 68 ಗುಣಿಸು 50 ಅಂದರೆ 3400. 72 ಗುಣಿಸು 1.3 ಅಂದರೆ 93.6. ಭಾಗಿಸಿದರೆ 36, ಅದರ 0.85 ಅಂದರೆ ಸುಮಾರು 31. "1.3 ತಾನೇ, ಸ್ವಲ್ಪ ಹೆಚ್ಚು" ಎಂದು ಬಿಟ್ಟರೆ ಆಯಿತು! ಕಿಡ್ನಿ ಮಾಡುತ್ತಿರುವುದು ನಿಮಿಷಕ್ಕೆ 31 ಮಿಲಿಲೀಟರಿನ ಕೆಲಸ ಮಾತ್ರ. ಈ ಅಜ್ಜಿಗೆ ಲಿವೊ 750 ದಿನಾ ಅಲ್ಲ, 48 ಗಂಟೆಗೊಮ್ಮೆ. 500ರ ಕೋರ್ಸ್ ಆದರೆ ಮೊದಲ ದಿನ 500, ಆಮೇಲೆ ದಿನಕ್ಕೆ 250. ಮೊದಲ ಡೋಸ್ ಇಳಿಸಬೇಡಿ, ಇಳಿಸುವುದು ಎರಡನೆಯದರಿಂದ. ಮಾಕ್ಸಿಗೆ ಕಿಡ್ನಿ ಲೆಕ್ಕ ಬೇಡ, ಆದರೆ ಅದು ಮೂತ್ರದಲ್ಲಿ ಸಾಕಷ್ಟು ಬರುವುದಿಲ್ಲ, ಉರಿಮೂತ್ರಕ್ಕೆ ಪ್ರಯೋಜನ ಇಲ್ಲ.

ಜೊತೆ ಮಾತ್ರೆಗಳಲ್ಲಿ ಕೌಂಟರಿನಲ್ಲಿ ಹಿಡಿಯಬಹುದಾದವು ಇವು. ಸಿಪ್ರೊ ಜೊತೆ ಟಿಜಾನಿಡಿನ್ ಕೂಡದೇ ಕೂಡದು. ರಕ್ತದಲ್ಲಿ ಟಿಜಾನಿಡಿನ್ ಮಟ್ಟ ಸುಮಾರು 10 ಪಟ್ಟು ಏರಿ ಬಿಪಿ ಕುಸಿಯುತ್ತದೆ. ಸೊಂಟನೋವಿನ ಮಾತ್ರೆಯಲ್ಲಿ ಅದು ಅಡಗಿರುತ್ತದೆ, ಹೆಸರು ಓದಿ. ದಮ್ಮಿನವರ ಡೆರಿಫಿಲಿನ್‌ನಲ್ಲಿ ಥಿಯೊಫಿಲಿನ್ ಇದೆ, ಸಿಪ್ರೊ ಅದನ್ನೂ ಏರಿಸುತ್ತದೆ: ವಾಂತಿ, ಎದೆ ಡವಡವ, ಮಿತಿ ಮೀರಿದರೆ ಫಿಟ್ಸ್. ರಕ್ತ ತೆಳುವಾಗಿಸುವ ಅಸಿಟ್ರಾಮ್ ಅಥವಾ ವಾರ್ಫರಿನ್ ತಿನ್ನುವವರಿಗೆ ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ ಏರುತ್ತದೆ, ಮೂರ್ನಾಲ್ಕು ದಿನದಲ್ಲಿ ಪರೀಕ್ಷೆ ಮಾಡಿಸಬೇಕು. ಶುಗರಿಗೆ ಗ್ಲಿಮೆಪಿರೈಡ್ ತಿನ್ನುವವರಿಗೆ ಶುಗರ್ ಹಠಾತ್ ಇಳಿಯಬಹುದು, ಜ್ವರದಲ್ಲಿ ಊಟ ಸೇರದಿದ್ದರೆ ಇನ್ನೂ ಬೇಗ. ಬೆವರು, ನಡುಕ ಬಂದು 70ಕ್ಕಿಂತ ಕೆಳಗಿದ್ದರೆ 3 ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಇದೇ ಗುಂಪಿನ ಗ್ಯಾಟಿಫ್ಲಾಕ್ಸಾಸಿನ್ ಮಾತ್ರೆ, ಇಂಜೆಕ್ಷನ್ ನಮ್ಮ ದೇಶದಲ್ಲಿ 2011ರಿಂದ ನಿಷೇಧ. ಶುಗರ್ ಮೇಲಿನ ಏರುಪೇರೇ ಅದರ ಕುಖ್ಯಾತಿ.

ಹೃದಯದ ಲಯದ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಲಿವೊ ಜೊತೆ ಅಜಿಥ್ರೊ, ವಾಂತಿಗೆ ಒಂಡಾನ್ಸೆಟ್ರಾನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್-ಡೊಂಪೆರಿಡೋನ್ ಕ್ಯಾಪ್ಸೂಲ್. ಗ್ಯಾಸಿನದ್ದು ನಿರುಪದ್ರವಿ ಎಂದು ಕಾಣುತ್ತದೆ, ಆದರೆ ಅದರೊಳಗಿನ ಡೊಂಪೆರಿಡೋನ್ ಸೇರಿಸಿ ನಾಲ್ಕೂ ಕ್ಯೂಟಿ (ಇಸಿಜಿಯಲ್ಲಿ ಕಾಣುವ ಹೃದಯಬಡಿತದ ಒಂದು ಅವಧಿ) ಉದ್ದ ಮಾಡಿ ಲಯ ತಪ್ಪಿಸಬಹುದಾದವು. ವಾಂತಿ-ಭೇದಿಯಲ್ಲಿ ಪೊಟ್ಯಾಸಿಯಂ ಕೂಡ ಇಳಿದಿರುತ್ತದೆ. ಕನಿಷ್ಠ ಕ್ಯಾಪ್ಸೂಲನ್ನು ಸಾದಾ ಪ್ಯಾಂಟೊಪ್ರಜೋಲಿಗೆ ಬದಲಿಸಲು ಡಾಕ್ಟರನ್ನು ಕೇಳಿ.

ಕದ್ರಿ_ಕೌಂಟರ್

ಲಿವೊ-ಡಿಫ್ಲಜಾಕಾರ್ಟ್ ಜೋಡಿ ಬಂದಾಗ ನಾವು ಏನು ಹೇಳುವುದು? ಡಾಕ್ಟರಿಗೆ ಫೋನ್ ಮಾಡಿದರೆ ಕೆಲವರಿಗೆ ಸಿಟ್ಟು ಬರುತ್ತದೆ.

ಮಣ್ಣಪಳ್ಳ_ಮೆಡಿಸಿನ್

ಫೋನ್ ಮಾಡಿ. "ರೋಗಿಗೆ 68 ವರ್ಷ, ಎರಡೂ ಒಟ್ಟಿಗೆ ಕೊಟ್ಟರೆ ಹಿಮ್ಮಡಿ ರಜ್ಜು ಹರಿಯುವ ಅಪಾಯ ಹೆಚ್ಚು, ಡಾಕ್ಸಿ ಅಥವಾ ಅಮಾಕ್ಸಿಕ್ಲಾವ್ ಆಗಬಹುದೇ ಸರ್?" ಅಷ್ಟು ಸಾಕು. ಸ್ಟೀರಾಯ್ಡ್ ನಿಜವಾಗಿ ಬೇಕಾದ ದಮ್ಮಿನವರಿಗೆ ಆಂಟಿಬಯೋಟಿಕ್ ಬದಲಿಸುವುದು ಸುಲಭ, ಸ್ಟೀರಾಯ್ಡ್ ಬಿಡಿಸುವುದು ಕಷ್ಟ.

ರೋಗಿಗೂ ಹೇಳಿ: ಹಿಮ್ಮಡಿಯ ಮೇಲಿನ ದಪ್ಪ ರಜ್ಜು, ಭುಜ, ಮೊಣಕೈ, ಎಲ್ಲಾದರೂ ನೋವು ಅಥವಾ ಊತ ಬಂದರೆ ಮುಂದಿನ ಡೋಸ್ ತಿನ್ನದೆ ಡಾಕ್ಟರಿಗೆ ತಿಳಿಸಿ. ತಿಕ್ಕಿ ಎಣ್ಣೆ ಹಚ್ಚುವುದು ಬೇಡ, ನಡೆದಾಡಿ ಸರಿಮಾಡುವುದೂ ಬೇಡ, ಕಾಲಿಗೆ ವಿಶ್ರಾಂತಿ ಕೊಡಿ. ಎರಡೇ ದಿನದಲ್ಲೂ ಬರಬಹುದು, ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಅಂಗಾಲಿನ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಆಗುವುದು ನರದ ಲಕ್ಷಣ. ಅದು ಶಾಶ್ವತವಾಗಿ ಉಳಿಯಬಹುದಾದ್ದರಿಂದ ಕೋರ್ಸ್ ಮುಗಿಯಲಿ ಎಂದು ಕಾಯಬಾರದು. ವಯಸ್ಸಾದವರು ರಾತ್ರಿ ಏನೇನೋ ಮಾತಾಡತೊಡಗಿದರೆ ಅದು ಜ್ವರದ ಭ್ರಮೆಯೇ ಎಂದು ತಿಳಿಯಬೇಡಿ. ಎದೆ, ಬೆನ್ನು, ಹೊಟ್ಟೆಯಲ್ಲಿ ಹಠಾತ್ ಸೀಳಿದಂಥ ನೋವು ಬಂದರೆ 108.

ನಿಮ್ಮ ಪಟ್ಟಿಗೆ ಎರಡು ಸೇರಿಸಿ: ರಕ್ತನಾಳ ಉಬ್ಬಿದೆ ಎಂದು ಯಾರಾದರೂ ಹೇಳಿದ್ದಾರೆಯೇ, ಮಯಸ್ಥೇನಿಯಾ ಉಂಟೇ. ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್.

ಫಲ್ಗುಣಿ_ತೀರ

ಕಣ್ಣಿಗೆ ಹಾಕುವ ಮಾಕ್ಸಿ ಡ್ರಾಪ್ಸಿಗೂ ಇದೆಲ್ಲ ಅನ್ವಯವೇ? ಪೊರೆ ಆಪರೇಷನ್ ಆದವರು ಓದಿ ಹೆದರಿಯಾರು.

ಲೆಕ್ಕದ_ಗುಳಿಗೆ

ಇಲ್ಲ, ಹನಿಯಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಕಣ್ಣಿನ ಡಾಕ್ಟರು ಹೇಳಿದಷ್ಟು ದಿನ ಹಾಕಲಿ.

ರಾತ್ರಿಪಾಳಿ_ಸಿಸ್ಟರ್

ಊಟದ ಹೊತ್ತು ಸರಿಯಾಗಿ ಹೇಳುತ್ತೀರಾ? ವಾರ್ಡಿನಲ್ಲಿ ಬೆಳಿಗ್ಗೆ ಎಲ್ಲ ಮಾತ್ರೆ ಒಂದೇ ಕಪ್ಪಿನಲ್ಲಿ ಹೋಗುತ್ತವೆ, ಕ್ಯಾಲ್ಸಿಯಂ, ಐರನ್ ಸಮೇತ.

ಲೆಕ್ಕದ_ಗುಳಿಗೆ

ಅಲ್ಲೇ ಔಷಧಿ ವ್ಯರ್ಥವಾಗುವುದು ಸಿಸ್ಟರ್. ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಗ್ಯಾಸ್ ಸಿರಪ್, ಸುಕ್ರಾಲ್ಫೇಟ್, ಇವು ಹೊಟ್ಟೆಯೊಳಗೆ ಕ್ವಿನೋಲೋನಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಇವುಗಳಿಗಿಂತ ಸಿಪ್ರೊ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ, ಲಿವೊ 2 ಗಂಟೆ ಮೊದಲು ಅಥವಾ 2 ಗಂಟೆ ನಂತರ, ಮಾಕ್ಸಿ 4 ಗಂಟೆ ಮೊದಲು ಅಥವಾ 8 ಗಂಟೆ ನಂತರ. ಐದು ದಿನದ ಕೋರ್ಸಿಗೆ ಕ್ಯಾಲ್ಸಿಯಂ, ಐರನ್ ನಿಲ್ಲಿಸಲು ಡಾಕ್ಟರು ಒಪ್ಪಿದರೆ ಅದೇ ಸುಲಭ.

ಸಿಪ್ರೊವನ್ನು ಬರೀ ಹಾಲು, ಮೊಸರು, ಮಜ್ಜಿಗೆಯೊಂದಿಗೆ ನುಂಗಬಾರದು. ಗಂಜಿ-ಚಟ್ನಿ, ಇಡ್ಲಿಯ ಜೊತೆ ಅಡ್ಡಿಯಿಲ್ಲ, ಮಜ್ಜಿಗೆ ಆಮೇಲೆ. ಫಿಲ್ಟರ್ ಕಾಫಿ ಎರಡು ಲೋಟ ಕುಡಿಯುವವರು ಸಿಪ್ರೊ ಇರುವಷ್ಟು ದಿನ ಕಡಿಮೆ ಮಾಡಲಿ, ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ನಿದ್ದೆಗೆಡಿಸುತ್ತದೆ.

ಕದ್ರಿ_ಕೌಂಟರ್

ರೋಗಿಗೆ ಹಿಮ್ಮಡಿ ನೋವು, ಜೋಮು ಬಂದರೆ ಎಲ್ಲಿ ದಾಖಲಿಸುವುದು?

ಲೆಕ್ಕದ_ಗುಳಿಗೆ

ಫಾರ್ಮಕೊವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾದ ಉಚಿತ ಸಹಾಯವಾಣಿ 1800-180-3024. ರೋಗಿಯೇ ಮಾಡಬಹುದು, ಫಾರ್ಮಸಿಸ್ಟ್ ಕೂಡ. ಮಾತ್ರೆಯ ಬ್ಯಾಚ್ ನಂಬರ್, ಶುರು ಮಾಡಿದ ದಿನ, ನೋವು ಬಂದ ದಿನ, ಜೊತೆಗೆ ತಿಂದ ಮಾತ್ರೆಗಳ ಹೆಸರು ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.

ರಾತ್ರಿಪಾಳಿ_ಸಿಸ್ಟರ್

ಕೊನೆಯದಾಗಿ ಎರಡು. ಲಿವೊ ಡ್ರಿಪ್ ಎಷ್ಟು ಹೊತ್ತಿನಲ್ಲಿ ಹೋಗಬೇಕು? ಮೂಗಿನ ನಳಿಕೆ ಇರುವವರಿಗೆ ಸಿಪ್ರೊ ಪುಡಿ ಮಾಡಿ ಕೊಡಬಹುದೇ?

ಲೆಕ್ಕದ_ಗುಳಿಗೆ

500 ಆದರೆ 60 ನಿಮಿಷ, 750 ಆದರೆ 90 ನಿಮಿಷ. ಬೇಗ ಓಡಿಸಿದರೆ ಬಿಪಿ ಇಳಿಯುತ್ತದೆ. ನುಂಗಲು ಆಗುವವರಿಗೆ ಡ್ರಿಪ್ ಬೇಕೇ ಎಂದೂ ಕೇಳಿ, ಲಿವೊ ಮಾತ್ರೆ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ.

ನಳಿಕೆಗೆ ಸಾದಾ ಸಿಪ್ರೊ 500 ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕೊಡಬಹುದು. ಫೀಡ್ ಕನಿಷ್ಠ 1 ಗಂಟೆ ಮೊದಲು ನಿಲ್ಲಿಸಿ, ನಳಿಕೆ ತೊಳೆದು, ಮಾತ್ರೆ ಕೊಟ್ಟು, ಮತ್ತೆ ತೊಳೆದು, 2 ಗಂಟೆ ಬಿಟ್ಟು ಫೀಡ್ ಶುರು ಮಾಡಿ. ನಳಿಕೆಯ ತುದಿ ಜಠರ ದಾಟಿ ಸಣ್ಣ ಕರುಳಿನಲ್ಲಿದ್ದರೆ ಸಿಪ್ರೊ ಸರಿಯಾಗಿ ಸೇರುವುದಿಲ್ಲ, ಡಾಕ್ಟರಿಗೆ ಹೇಳಿ ಡ್ರಿಪ್ ಬರೆಸಿ. ಸಿಪ್ರೊ ಸಿರಪ್ ನಳಿಕೆಗೆ ಬೇಡ, ಕಟ್ಟಿಕೊಳ್ಳುತ್ತದೆ. ಎಕ್ಸ್‌ಆರ್ ಎಂದು ಬರೆದ, ನಿಧಾನವಾಗಿ ಕರಗುವ ಮಾತ್ರೆ ಪುಡಿ ಮಾಡಲೇಬಾರದು. ದಿನದ ಡೋಸ್ ಎಲ್ಲ ಒಮ್ಮೆಗೇ ಇಳಿಯುತ್ತದೆ.